ಕೇಬಲ್ ಕ್ಯಾಟ್ 6, ಪ್ಲಗ್ ಕ್ಯಾಟ್ 5ಇ: ವೇಗ 100ಕ್ಕೇ ನಿಂತದ್ದೇಕೆ?

ಪ್ರಶ್ನೆ: ಹುಬ್ಬಳ್ಳಿ ಕೇಶ್ವಾಪುರದಾಗ ಹೊಸ ಮನಿ ಕಟ್ಟಿಸೀವ್ರಿ. ಗ್ವಾಡಿ ಒಳಗಿನ ಪೈಪಿನ್ಯಾಗ ಇಂಟರ್ನೆಟ್ಟಿನ ಕ್ಯಾಟ್ 6 ಕೇಬಲ್ ಎಳಿಸಿ, ತುದಿಗೆ ಕ್ಯಾಟ್ 5ಇ ಪ್ಲಗ್ ಹಾಕ್ಸೀವಿ. ಮ್ಯಾಲಿನ ಕೋಣಿ ಕಂಪ್ಯೂಟರಿಗೆ 100 ಎಂಬಿಪಿಎಸ್ ದಾಟವಲ್ತು. ಕೇಬಲ್ಲೇ ಬದಲಿ ಮಾಡಬೇಕೇನ್ರಿ?

ಉತ್ತರ: ಕೇಬಲಿಗೆ ಈಗಲೇ ಕೈ ಹಚ್ಚಬೇಡಿ. ವೇಗ ನೂರಕ್ಕೇ ಬಂದು ನಿಂತಿರುವುದು ಒಳ್ಳೆಯ ಸುಳಿವು. 100 ಎಂಬಿಪಿಎಸ್‌ಗೆ ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕೇ ಸಾಕು: ಪ್ಲಗ್ಗಿನ 1, 2, 3 ಮತ್ತು 6ನೇ ಪಿನ್ನಿನವು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತಾಗದಿದ್ದರೂ ಹೆಚ್ಚಿನ ಸಾಧನಗಳು ಸುಮ್ಮನೆ ನೂರಕ್ಕೆ ಇಳಿಯುತ್ತವೆ. ರೂಟರ್ ಮತ್ತು ಕಂಪ್ಯೂಟರಿನ ಪೋರ್ಟ್ ಗಿಗಾಬಿಟ್‌ನದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪ್ಲಗ್ ನೋಡಿ. ಕ್ಯಾಟ್ 5ಇ, ಕ್ಯಾಟ್ 6 ಎಂಬುವು ಕೇಬಲ್-ಪ್ಲಗ್ಗುಗಳ ದರ್ಜೆಗಳು. 5ಇ ಎಂಬ ಹೆಸರು ಇಲ್ಲಿ ದೋಷವಲ್ಲ, 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಕೂಡಿಬರದಿರುವುದು ಅಳತೆ.

5ಇ ತಂತಿಯ ತಾಮ್ರ ಸಾಮಾನ್ಯವಾಗಿ 24 ಗೇಜ್ (ದಪ್ಪದ ಅಳತೆ, ಅಂಕಿ ಇಳಿದಷ್ಟೂ ದಪ್ಪ ಹೆಚ್ಚು), ಸುಮಾರು 0.51 ಮಿ.ಮೀ. ಕ್ಯಾಟ್ 6ರದು ಹೆಚ್ಚಾಗಿ 23 ಗೇಜ್, 0.57 ಮಿ.ಮೀ.; ಹೊದಿಕೆ ಸೇರಿದರೆ 1 ಮಿ.ಮೀ. ಆಸುಪಾಸು. ಅಷ್ಟು ದಪ್ಪದ ಎಂಟು ತಂತಿಗಳಿಗೆ 5ಇ ಪ್ಲಗ್ ಇಕ್ಕಟ್ಟು. ಒಂದೆರಡು ತುದಿ ಮುಟ್ಟದೆ ಹಿಂದೆ ಉಳಿಯುತ್ತವೆ, ಕ್ರಿಂಪ್ ಮಾಡಿದಾಗ, ಅಂದರೆ ಇಕ್ಕಳದಿಂದ ಪ್ಲಗ್ ಒತ್ತಿದಾಗ, ಪಿನ್ ಅವಕ್ಕೆ ಚುಚ್ಚುವುದೇ ಇಲ್ಲ.

ಗೋಡೆಯೊಳಗಿನದು ಒಂಟಿ ಗಟ್ಟಿ ತಂತಿ, ಅಂಗಡಿಯವರು ಸಾಲಿಡ್ ಅನ್ನುವುದು. ಪ್ಯಾಚ್ ಕಾರ್ಡ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಕೇಬಲ್, ಅದರದು ಸಣ್ಣ ಎಳೆಗಳ ಹುರಿ. ಹುರಿಗಾಗಿ ಮಾಡಿದ ಎರಡು ಹಲ್ಲಿನ ಪಿನ್ ಗಟ್ಟಿ ತಂತಿಗೆ ಬಡಿದರೆ ಪಕ್ಕಕ್ಕೆ ಜಾರುತ್ತದೆ; ಮೂರು ಹಲ್ಲಿನದು ಎರಡೂ ಬದಿಯಿಂದ ಕಚ್ಚುತ್ತದೆ. ಹಾಗಾಗಿ ಕೊಪ್ಪಿಕರ್ ರಸ್ತೆಯಲ್ಲಿ ಕೊಳ್ಳುವಾಗ ಬರೀ ‘ಕ್ಯಾಟ್ 6 ಪ್ಲಗ್ ಕೊಡ್ರಿ’ ಅಂದರೆ ಸಾಲದು. 23 ಗೇಜ್, ಸಾಲಿಡ್ ಎಂದು ಕೇಳಿ. ಕೇಬಲಿನ ಗೇಣುದ್ದ ತುಂಡು ಒಯ್ದು ಅಲ್ಲೇ ತೂರಿಸಿ ನೋಡುವುದು ಇನ್ನೂ ಒಳ್ಳೆಯದು.

ನಮ್ಮನ್ನು ಕೇಳಿದರೆ, ಗೋಡೆಯ ಕೇಬಲಿಗೆ ಪ್ಲಗ್ಗೇ ಬೇಡ. ಎರಡೂ ತುದಿಗೆ ಕ್ಯಾಟ್ 6 ಕೀಸ್ಟೋನ್ ಜಾಕ್ (ಪ್ಲಗ್ ಚುಚ್ಚುವ ಸಾಕೆಟ್) ಕೂರಿಸಿ, ಅಲ್ಲಿಂದ ಸಾಧನಕ್ಕೆ ರೆಡಿಮೇಡ್ ಪ್ಯಾಚ್ ಕಾರ್ಡ್ ಹಾಕಿ. ಮೇಲ್ಹೊದಿಕೆಯನ್ನು 3 ಸೆಂ.ಮೀ. ಸುಲಿದು, ನಡುವಿನ ಪ್ಲಾಸ್ಟಿಕ್ ಕಡ್ಡಿಯನ್ನು ಬುಡಕ್ಕೆ ಕತ್ತರಿಸಿ. ಜಾಕ್ ಮೇಲಿನ ‘ಬಿ’ ಬಣ್ಣಗಳ ಗುರುತನ್ನೇ ಎರಡೂ ಕಡೆ ಅನುಸರಿಸಿ, ತಂತಿಗಳನ್ನು ಜಾಕಿನ ಸೀಳುಗಳಿಗೆ ಪಂಚ್ ಡೌನ್ ಟೂಲಿನಿಂದ ಒತ್ತಿ. ತಂತಿಗಳು ಎರಡೆರಡಾಗಿ ಸುತ್ತಿಕೊಂಡಿರುತ್ತವೆ; ಆ ಜೋಡಿಯ ತಿರುವನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಪ್ಲಗ್ಗೇ ಬೇಕೆಂದರೆ 1ನೇ ಪಿನ್ನಿನಿಂದ 8ರವರೆಗೆ ಬಣ್ಣಗಳ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಯಾಕೆ ಎಂದು ಕೆಲವರು ಜೋಡಿಜೋಡಿಯಾಗಿ ಹೊಂದಿಸಿಬಿಡುತ್ತಾರೆ. ಆಗ 3 ಮತ್ತು 6ನೇ ಪಿನ್ ಬೇರೆಬೇರೆ ಜೋಡಿಯ ಪಾಲಾಗಿ ಸಿಗ್ನಲ್ ಒಂದರೊಳಗೊಂದು ಸೋರುತ್ತದೆ. ಅಗ್ಗದ ಟೆಸ್ಟರಿನ ಎಂಟೂ ದೀಪ ಮಾತ್ರ ಸರಿಯಾಗಿಯೇ ಹತ್ತುತ್ತವೆ!

ಕೇಬಲ್ ಬದಲಿಸಲೇಬೇಕಾದ ಸಂದರ್ಭವೂ ಒಂದಿದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಎರಡು ಸಲ ಬಗ್ಗಿಸಿದರೆ ಮುರಿಯುವ ಮಾಲು. ಅದಕ್ಕೆ ಯಾವ ಪ್ಲಗ್ ಹಾಕಿದರೂ ಭರವಸೆಯಿಲ್ಲ. ಹಳೆಯ ಕೇಬಲಿಗೆ ಮೊದಲು ನೈಲಾನ್ ಹಗ್ಗ ಕಟ್ಟಿ ಎಳೆಯಿರಿ, ಆಮೇಲೆ ಹಗ್ಗದಿಂದ ಹೊಸದನ್ನು. ಹೊಸ ಕೇಬಲನ್ನೇ ನೇರ ಕಟ್ಟಿ ಎಳೆಯುವಾಗ ಆ ಅಲ್ಯೂಮಿನಿಯಂ ತಂತಿ ಪೈಪಿನ ನಡುವೆ ತುಂಡಾದರೆ ಗೋಡೆ ಒಡೆಯಬೇಕಾದೀತು.