‘ಶ’ ಹೋಗಿ ‘ಹ’ ಬಂದ ಒಂದು ಹಾರೈಕೆ

ಡಿಸೆಂಬರ್ 22ರಂದು ಸ್ಪೇನಿನಲ್ಲಿ ಕ್ರಿಸ್‌ಮಸ್ ಲಾಟರಿ ಎತ್ತುತ್ತಾರೆ. ಟಿಕೆಟ್ ಹಿಡಿದವರ ಬಾಯಲ್ಲಿ ‘ಒಹಲಾ ಮೆ ತೋಕೆ’, ನನಗೇ ಹೊಡೆಯಲಿ. ಬರಗಾಲದಲ್ಲಿ ‘ಒಹಲಾ ಯುವೇಬಾ’, ಮಳೆ ಬರಲಿ. ‘ನಾಳೆ ಬರ್ತೀಯಾ?’ ಅಂದರೆ ಬರೀ ‘ಒಹಲಾ’ ಅಂತಲೂ ಹೇಳಬಹುದು. ಆಸೆಯೇನೋ ಇದೆ, ಆಗುತ್ತೋ ಇಲ್ವೋ ಗೊತ್ತಿಲ್ಲ ಅಂತ ಅರ್ಥ.

ಇದು ‘ಇನ್‌ಶಾ ಅಲ್ಲಾಹ್’ ಅನ್ನೋದರ ಸ್ಪ್ಯಾನಿಷ್ ರೂಪ ಅಂತ ಎಲ್ಲ ಕಡೆ ಬರೆಯುತ್ತಾರೆ. ಪೂರ್ತಿ ಸರಿಯಲ್ಲ. ಸ್ಪೇನಿನ ಅರಬ್ಬಿಯಲ್ಲಿದ್ದ ‘ಲೌ ಶಾ ಲ್ಲಾಹ್’ ಇದರ ಮೂಲ. ‘ಇನ್’ ಇದ್ದರೆ ಅರ್ಥ ‘ದೇವರು ಮನಸ್ಸು ಮಾಡಿದರೆ’. ‘ಲೌ’ ಇದ್ದರೆ ‘ದೇವರು ಮನಸ್ಸು ಮಾಡುವಂತಿದ್ದರೆ’. ಮೊದಲನೆಯದನ್ನು ನಾಳೆ ಮಾಡುವ ಕೆಲಸದ ಜೊತೆ ಹೇಳುತ್ತಾರೆ, ಎರಡನೆಯದರಲ್ಲಿ ಇರುವುದು ಬರೀ ಆಸೆ. ಒಹಲಾಕ್ಕೆ ಬಂದಿರುವುದು ಈ ಆಸೆಯೇ.

ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ‘ಯುವೇಬೆ’ ಅಂದರೆ ಮಳೆ ಬರುತ್ತದೆ, ‘ಯುವೇಬಾ’ ಅಂದರೆ ಬರಲಿ. ಕೊನೆಯ ಸ್ವರ ಒಂದೇ ಬೇರೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಅಷ್ಟು ಕಷ್ಟ ಇಲ್ಲ, ‘ಬರಲಿ, ಆಗಲಿ, ಸಿಗಲಿ’ ಅಂತ ದಿನಾ ಹೇಳ್ತೀವಲ್ವಾ?

ನನಗೆ ಜಾಸ್ತಿ ಖುಷಿ ಕೊಡುವುದು ಆ ‘ಹ’. ಹಳೆಯ ಸ್ಪ್ಯಾನಿಷ್‌ನಲ್ಲಿ ಇದು ‘ಒಶಲಾ’. ಒಮ್ಮೆ ‘ಶ’ ಅಂತ ಉಸಿರು ಬಿಟ್ಟು ನೋಡಿ. ಹಾಗೇ ಬಿಡುತ್ತಾ ನಾಲಿಗೆಯನ್ನು ಹಿಂದಕ್ಕೆ ಎಳೆಯಿರಿ, ಗಂಟಲ ಹತ್ತಿರ ಒರಟು ‘ಹ’ ಕೇಳಿಸುತ್ತದೆ. 16-17ನೇ ಶತಮಾನದಲ್ಲಿ ಇಡೀ ಭಾಷೆಯೇ ಹೀಗೆ ನಾಲಿಗೆ ಹಿಂದಕ್ಕೆ ಎಳೆಯಿತು. ಯಾಕೆ? ಬಾಯಿಯ ಮುಂಭಾಗದಲ್ಲಿ ‘ಸ’, ‘ಶ’ದಂಥ ಸದ್ದುಗಳು ತುಂಬಿಕೊಂಡಿದ್ದವು. ಒತ್ತೊತ್ತಾಗಿ ನೆಟ್ಟ ಸಸಿಗಳಂತೆ, ಇಕ್ಕಟ್ಟಿನ ಪಂಕ್ತಿಯಲ್ಲಿ ಎಲೆ ತಾಗಿಸಿಕೊಂಡು ಕೂತವರಂತೆ, ಯಾವುದು ಯಾರದು ತಿಳಿಯದು. ಒಂದು ಎದ್ದು ಹಿಂದಿನ ಸಾಲಿಗೆ ಹೋಯಿತು, ಉಳಿದವಕ್ಕೆ ಜಾಗ ಆಯಿತು. ‘ಮೆಶಿಕೊ’ ‘ಮೆಹಿಕೊ’ ಆಗಿದ್ದೂ ಹೀಗೇ. ‘ಡಾನ್ ಕಿಹೋತೆ’ಯನ್ನು (ಇಂಗ್ಲಿಷಿನವರ ಡಾನ್ ಕ್ವಿಕ್ಸೋಟ್) ಫ್ರೆಂಚರು ಇನ್ನೂ ‘ಕಿಶೋತ್’ ಅನ್ನುತ್ತಾರೆ, ಅವರಲ್ಲಿ ಆ ಹಳೆಯ ಸದ್ದು ಹಾಗೇ ಉಳಿದಿದೆ.

ಕಾರಣ ಬೇರೆ ಇರಬಹುದು, ಆದರೆ ನಮ್ಮಲ್ಲೂ ಇಂಥದ್ದು ಆಗಿದೆ. ಹಳಗನ್ನಡದ ‘ಪಾಲ್’ ‘ಹಾಲು’ ಆಯಿತು, ‘ಪಾವು’ ‘ಹಾವು’ ಆಯಿತು. ತಮಿಳಿನಲ್ಲಿ ಈಗಲೂ ‘ಪಾಲ್’. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಸುಮ್ನೆ ಮಾತಾಡುತ್ತಾ ಆಡುತ್ತಾ ಆಗಿದ್ದು.

ಸ್ಪೇನಿನಲ್ಲಿ ಸದ್ದು ಬದಲಾಗುತ್ತಿದ್ದ ಹೊತ್ತಿಗೇ ಜನರನ್ನೂ ಹೊರಗೆ ಹಾಕುತ್ತಿದ್ದರು. 711ರಲ್ಲಿ ಬಂದ ಮುಸ್ಲಿಂ ಆಳ್ವಿಕೆ 1492ರಲ್ಲಿ ಅದರ ಕೊನೆಯ ರಾಜ್ಯ ಗ್ರಾನಡಾ ಬಿದ್ದಾಗ ಮುಗಿಯಿತು. 1609ರಿಂದ 1614ರವರೆಗೆ, ಕ್ರೈಸ್ತರಾಗಿ ಮತಾಂತರ ಆಗಿದ್ದ ಮುಸ್ಲಿಮರ ಸಂತತಿಯ ಸುಮಾರು 3 ಲಕ್ಷ ಜನರನ್ನು ದೇಶ ಬಿಡಿಸಿದರು. ಅವರ ಮಾತನ್ನು ಮಾತ್ರ ಬಿಡಿಸಲಾಗಲಿಲ್ಲ. ದೇವರನ್ನೇ ನಂಬದವರೂ ಇವತ್ತು ಲಾಟರಿ ಟಿಕೆಟ್ ಹಿಡಿದು ‘ಒಹಲಾ’ ಅನ್ನುತ್ತಾರೆ. ಗಡಿ ದಾಟಿ ಪೋರ್ಚುಗಲ್ಲಿಗೆ ಹೋದರೆ ಅಲ್ಲಿ ‘ಶ’ ಇನ್ನೂ ತನ್ನ ಹಳೇ ಜಾಗದಲ್ಲೇ ಇದೆ: ‘ಒಶಲಾ’.