ಟೇಕ್ ಓವರ್: ಕೊಟ್ಟಿದ್ದಾ, ಕೊಂಡಿದ್ದಾ, ಕಿತ್ತುಕೊಂಡಿದ್ದಾ?

ಪರೀಕ್ಷೆಗೆ ಓದುವವರ ಫ್ರೇಸಲ್ ವರ್ಬ್ ಪಟ್ಟಿಯಲ್ಲಿ 'ಟೇಕ್ ಓವರ್' ಎದುರು ಸಾಮಾನ್ಯವಾಗಿ ಒಂದೇ ಅರ್ಥ ಇರುತ್ತದೆ: ವಹಿಸಿಕೊಳ್ಳು. ತಪ್ಪೇನಲ್ಲ. ಆದರೆ ಅದೊಂದನ್ನೇ ನಂಬಿಕೊಂಡು ಇಂಗ್ಲಿಷ್ ಪೇಪರ್ ಓದಲು ಕೂತರೆ ಎಡವಟ್ಟಾಗುತ್ತದೆ. ಹೊಸ ಡಿಸಿ ಟೇಕ್ ಓವರ್ ಮಾಡಿದರು, ಕಂಪನಿ ಟೇಕ್ ಓವರ್ ಆಯಿತು, ಸೇನೆ ದೇಶವನ್ನೇ ಟೇಕ್ ಓವರ್ ಮಾಡಿತು. ಮೂರೂ ಕಡೆ 'ವಹಿಸಿಕೊಂಡರು' ಹಾಕಿ ನೋಡಿ. ಡಿಸಿ ಸಾಹೇಬರಿಗೆ ಮಾತ್ರ ಹೊಂದುತ್ತದೆ.

ಈ ಪದ ಹೇಳುವುದು ಇಷ್ಟೇ: ಒಬ್ಬರ ಕೈಯಲ್ಲಿದ್ದ ಹಿಡಿತ ಇನ್ನೊಬ್ಬರ ಕೈಗೆ ಬಂತು. ಹೇಗೆ ಬಂತು ಅನ್ನುವುದನ್ನು ಅದು ಹೇಳುವುದಿಲ್ಲ. ಅವರಾಗಿಯೇ ಕೊಟ್ಟರಾ, ಇವರು ದುಡ್ಡು ಕೊಟ್ಟು ಕೊಂಡರಾ, ಇಲ್ಲ ಕಿತ್ತುಕೊಂಡರಾ? ಸಮಾನಾರ್ಥಕ ಪದ ಹುಡುಕುವ ಮೊದಲು ಇದನ್ನು ಕೇಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕೊಟ್ಟಿದ್ದನ್ನು ತೆಗೆದುಕೊಳ್ಳುವ ಕಡೆ 'ಟೇಕ್ ಚಾರ್ಜ್', 'ಅಸ್ಯೂಮ್ ಆಫೀಸ್' ಬರುತ್ತವೆ. ಸರ್ಕಾರಿ ಕಚೇರಿಯಲ್ಲಿ ವರ್ಗಾವಣೆ ಆದಾಗ ಏನಾಗುತ್ತದೆ ನೋಡಿ. ಬಂದವರು, ಹೋಗುವವರು ಇಬ್ಬರೂ ಸಿಟಿಸಿ, ಅಂದರೆ ಅಧಿಕಾರ ಹಸ್ತಾಂತರದ ಪ್ರಮಾಣಪತ್ರ, ಅನ್ನುವ ಹಾಳೆಗೆ ಸಹಿ ಹಾಕುತ್ತಾರೆ. ಬೀರುವಿನ ಕೀ, ಸೀಲು, ಕ್ಯಾಶ್ ಬುಕ್ಕು ಎಲ್ಲ ಕೈ ಬದಲಾಗುತ್ತವೆ. ಅಷ್ಟಾದ ಮೇಲೇ 'ಸಾಹೇಬ್ರು ಚಾರ್ಜ್ ತಗೊಂಡ್ರು' ಅನ್ನುವ ಮಾತು. ಕಾಯಂ ಅಧಿಕಾರಿ ಬರುವ ತನಕ ಬೇರೆಯವರು ನೋಡಿಕೊಂಡರೆ ಅದು 'ಪ್ರಭಾರ', ಮಾತಿನಲ್ಲಿ 'ಇನ್‌ಚಾರ್ಜ್'. ಎರಡನ್ನೂ ಇಂಗ್ಲಿಷ್ ವರದಿ ಟೇಕ್ ಓವರ್ ಅಂತಲೇ ಬರೆದುಬಿಡಬಹುದು.

ಈ ಬಳಕೆಯಲ್ಲಿ ಹಿಂದಿನವರ ಹೆಸರಿಗೆ 'ಫ್ರಮ್', ಹುದ್ದೆಗೆ 'ಆ್ಯಸ್' ಸೇರಿಸಬೇಕು. 1912ರಲ್ಲಿ ಟಿ. ಆನಂದರಾವ್ ಅವರ ನಂತರ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರಲ್ಲ, ಅದನ್ನು 'ಟುಕ್ ಓವರ್ ಫ್ರಮ್ ಆನಂದರಾವ್ ಆ್ಯಸ್ ದಿವಾನ್' ಅನ್ನಬೇಕು. 'ಫ್ರಮ್' ಬಿಟ್ಟರೆ ಆನಂದರಾಯರನ್ನೇ ವಶಕ್ಕೆ ತೆಗೆದುಕೊಂಡ ಹಾಗಾಗುತ್ತದೆ! ಇಲ್ಲೇ 'ಸಕ್ಸೀಡ್' ಕೂಡ ನಡೆಯುತ್ತದೆ, ಆದರೆ ಅದಕ್ಕೆ ಫ್ರಮ್ ಬೇಡ. 'ವಿಶ್ವೇಶ್ವರಯ್ಯ ಸಕ್ಸೀಡೆಡ್ ಆನಂದರಾವ್' ಅಂದರೆ ಗೆದ್ದರು ಅಂತಲ್ಲ, ಅವರ ನಂತರ ಅದೇ ಕುರ್ಚಿಗೆ ಬಂದರು ಅಂತ.

ಕಿತ್ತುಕೊಂಡಿದ್ದಕ್ಕೆ 'ಸೀಜ್', 'ಯೂಸರ್ಪ್' ಇವೆ. ಇಲ್ಲಿ ಹುಷಾರಾಗಿರಬೇಕು, ಯಾಕೆಂದರೆ ಇವುಗಳೊಳಗೆ ಬರೆದವರ ತೀರ್ಪೂ ಕೂತಿರುತ್ತದೆ. 1761ರ ಹೊತ್ತಿಗೆ ಹೈದರಾಲಿ ಮೈಸೂರಿನ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡ. ಅರಸರು ಹೆಸರಿಗೆ ಸಿಂಹಾಸನದಲ್ಲಿ ಇದ್ದರು. ಅದಕ್ಕೂ ಮೊದಲು ಅದೇ ಅರಮನೆಯಲ್ಲಿ ದಳವಾಯಿಗಳ, ಅಂದರೆ ಸೇನಾಧಿಪತಿಗಳ, ಮಾತೇ ನಡೆಯುತ್ತಿತ್ತು. ಆದರೂ ಬ್ರಿಟಿಷರು ಬರೆದ ಚರಿತ್ರೆಯಲ್ಲಿ 'ಯೂಸರ್ಪರ್' ಅನ್ನುವ ಬಿರುದು ಹೈದರನಿಗೆ ಸಿಕ್ಕಷ್ಟು ಸಲೀಸಾಗಿ ದಳವಾಯಿಗಳಿಗೆ ಸಿಗಲಿಲ್ಲ.

ಇನ್ನು ಬ್ರಿಟಿಷರು ತಾವೇ ಮಾಡಿದ್ದಕ್ಕೆ ಯಾವ ಪದ? 1830-31ರಲ್ಲಿ ಈಗಿನ ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. ಆಡಳಿತ ಕೆಟ್ಟಿದೆ ಅನ್ನುವ ಕಾರಣ ಕೊಟ್ಟು, ಟಿಪ್ಪು ಸತ್ತ ಮೇಲೆ ಒಡೆಯರ ಜೊತೆ ಮಾಡಿಕೊಂಡಿದ್ದ 1799ರ ಒಪ್ಪಂದ ಮುಂದಿಟ್ಟುಕೊಂಡು, ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತೆಗೆದ. ಪಟ್ಟ ಉಳಿಯಿತು, ಅರಮನೆ ಉಳಿಯಿತು, ಅಧಿಕಾರ ಮಾತ್ರ ಕಮಿಷನರ್ ಕೈಗೆ ಹೋಯಿತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆಳಿದ್ದು ಹೀಗೆ. ಇಂಗ್ಲಿಷಿನಲ್ಲಿ ಇದು ತಣ್ಣಗೆ 'ಟುಕ್ ಓವರ್ ದಿ ಅಡ್ಮಿನಿಸ್ಟ್ರೇಷನ್'. ಕನ್ನಡದಲ್ಲಿ 'ಆಡಳಿತ ವಹಿಸಿಕೊಂಡರು' ಅಂತ ಬರೆದರೆ ಮುಮ್ಮಡಿಯವರೇ ಕರೆದು ಕೊಟ್ಟ ಹಾಗೆ ಕೇಳುತ್ತದೆ. ಅವರು ತೀರಿಕೊಂಡಿದ್ದು 1868ರಲ್ಲಿ. ಅಲ್ಲಿಯ ತನಕ ರಾಜ್ಯ ವಾಪಸ್ ಕೊಡಿ ಅಂತ ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ಇಲ್ಲಿ 'ವಶಕ್ಕೆ ತೆಗೆದುಕೊಂಡರು' ಅನ್ನುವುದೇ ಸರಿ. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಆಡಳಿತ ಮರಳಿದ್ದು 'ಹ್ಯಾಂಡ್ ಓವರ್', ಇದರ ಉಲ್ಟಾ ಪದ.

ಇನ್ನು ದುಡ್ಡಿನ ವಿಷಯ. ಕಂಪನಿಗಳಲ್ಲಿ 'ಅಕ್ವೈರ್', 'ಬೈ ಔಟ್' ಹತ್ತಿರದ ಪದಗಳು. ಮಾರುವವರಿಗೂ ಮನಸ್ಸಿದ್ದರೆ ತಕರಾರಿಲ್ಲ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಗಿದ್ದು ಹಾಗೆ, ಸರ್ಕಾರವೇ ಮಾರಿತು. ನಡೆಸುವವರಿಗೆ ಇಷ್ಟವಿಲ್ಲದಿದ್ದರೂ ಷೇರು ಕೊಂಡು ಹಿಡಿತ ಪಡೆದರೆ ಅದು 'ಹಾಸ್ಟೈಲ್ ಟೇಕ್‌ಓವರ್'. 2019ರಲ್ಲಿ ಎಲ್ ಆ್ಯಂಡ್ ಟಿ ಕಂಪನಿ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯನ್ನು ಹೀಗೆ ತೆಗೆದುಕೊಂಡಿತು. ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದ್ದರು. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಲಿಸ್ಟೆಡ್ ಕಂಪನಿಯೊಂದರ ಮತದಾನದ ಹಕ್ಕಿನಲ್ಲಿ ಶೇ 25 ತಲುಪಿದವರು ಉಳಿದ ಷೇರುದಾರರಿಗೂ ಓಪನ್ ಆಫರ್, ಅಂದರೆ ಅವರ ಷೇರನ್ನೂ ಕೊಳ್ಳುವ ಬಹಿರಂಗ ಪ್ರಸ್ತಾವ, ಕೊಡಬೇಕು.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರನ್ನು ಎಸ್‌ಬಿಐ ಟೇಕ್ ಓವರ್ ಮಾಡಿತು ಅಂತ ನಮ್ಮಲ್ಲಿ ಈಗಲೂ ಅನ್ನುತ್ತಾರೆ. ಕಾಗದದ ಮೇಲೆ 2017ರ ಏಪ್ರಿಲ್ 1ರಂದು ಆಗಿದ್ದು ವಿಲೀನ, ಅಂದರೆ 'ಮರ್ಜರ್'. ಅದು 1960ರಿಂದಲೇ ಎಸ್‌ಬಿಐ ಸಮೂಹದ ಬ್ಯಾಂಕು. ಆದರೂ ಬೋರ್ಡಿನಿಂದ ಮೈಸೂರು ಅನ್ನುವ ಹೆಸರೇ ಹೋದಾಗ ಜನ ಟೇಕ್ ಓವರ್ ಅಂದಿದ್ದರಲ್ಲಿ ಆಶ್ಚರ್ಯವೇನಿಲ್ಲ, ಅಲ್ವಾ?

ಗೃಹಸಾಲದ ಟೇಕ್ ಓವರ್ ಬೇರೆ ಥರ. ಹಳೇ ಬ್ಯಾಂಕಿನ ಬಾಕಿಯನ್ನು ಹೊಸ ಬ್ಯಾಂಕ್ ತೀರಿಸುತ್ತದೆ, ಮನೆ ಪತ್ರ ಅಲ್ಲಿಂದ ಇಲ್ಲಿಗೆ ಬರುತ್ತದೆ. ಸಾಲ ನಿಮ್ಮ ತಲೆ ಮೇಲೇ ಇರುತ್ತದೆ. ಇದಕ್ಕೆ 'ಬ್ಯಾಲೆನ್ಸ್ ಟ್ರಾನ್ಸ್‌ಫರ್' ಅನ್ನಬಹುದು, 'ಅಕ್ವೈರ್' ಸುಮ್ನೆ ಹಾಕಬೇಡಿ.

ಮಂಡ್ಯದ ಕಡೆ ಸಹಕಾರ ಸಂಘಗಳ ರಾಜಕೀಯ ಗೊತ್ತಿದ್ದವರ ಬಾಯಲ್ಲಿ ಇನ್ನೊಂದು ಪದ ಇದೆ: 'ಸೂಪರ್‌ಸೀಡ್'. ಆಯ್ಕೆಯಾದ ಆಡಳಿತ ಮಂಡಳಿಯನ್ನು ಪಕ್ಕಕ್ಕಿಟ್ಟು ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸುವುದು. ಮಂಡಳಿಯವರಿಗೆ ಅದು ಕಿತ್ತುಕೊಂಡಿದ್ದು, ಅಧಿಕಾರಿಗೆ ವಹಿಸಿಕೊಂಡಿದ್ದು. ಟೇಕ್ ಓವರ್ ಎರಡಕ್ಕೂ ನಡೆಯುತ್ತದೆ.

ಮನುಷ್ಯರೇ ಆಗಬೇಕೆಂದಿಲ್ಲ. ಬಂಡೀಪುರದ ಕಾಡಿನಲ್ಲಿ ಲಂಟಾನ ಕಳೆ ಹಬ್ಬಿದ್ದಕ್ಕೂ ಟೇಕನ್ ಓವರ್ ಅನ್ನುತ್ತಾರೆ, ನಮ್ಮದು 'ಆವರಿಸಿಕೊಂಡಿದೆ'.

ವ್ಯಾಕರಣದ್ದು ಒಂದೆರಡು ಮಾತು. 'ಟುಕ್ ಓವರ್ ದಿ ಶಾಪ್', 'ಟುಕ್ ದಿ ಶಾಪ್ ಓವರ್' ಎರಡೂ ಸರಿ. ಶಾಪ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಟುಕ್ ಇಟ್ ಓವರ್'. ನಾಮಪದವಾದಾಗ ಎರಡೂ ಅಂಟಿಕೊಂಡು 'ಟೇಕ್‌ಓವರ್' ಆಗುತ್ತದೆ. ಉಲ್ಟಾ ಮಾಡಿ 'ಓವರ್‌ಟೇಕ್' ಅಂದರೆ ಬೆಂಗಳೂರು ಹೈವೇಯಲ್ಲಿ ಮುಂದಿನ ಕಾರನ್ನು ಹಿಂದೆ ಹಾಕುವುದು. 'ಟೇಕ್ ಆನ್' ಕೂಡ ಬೇರೆಯೇ: ಹೊಸ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದು. ಅದು ಮೊದಲು ಇನ್ನೊಬ್ಬರ ಕೈಯಲ್ಲಿ ಇರಬೇಕೆಂದೇನಿಲ್ಲ.