ಪರಿಹಾರ: ಕೊಟ್ಟದ್ದೋ, ಬಿಟ್ಟದ್ದೋ, ಮುಂದೂಡಿದ್ದೋ?

ಮೈಸೂರಿನ ವರ್ತಕರ ಸಂಘವೊಂದರ ಸ್ಮರಣ ಸಂಚಿಕೆಯ ಕರಡು ತಿದ್ದಲು ಬಂದಿತ್ತು. ಅದರಲ್ಲೊಂದು ವಾಕ್ಯ: ‘ಕೋವಿಡ್ ಸಂಕಷ್ಟದಲ್ಲಿ ಸರ್ಕಾರವು ಬೀದಿ ಬದಿ ವ್ಯಾಪಾರಿಗಳಿಗೆ ತಲಾ ಹತ್ತು ಸಾವಿರ ರೂಪಾಯಿ ಪರಿಹಾರ ನೀಡಿದ್ದಲ್ಲದೆ, ಆರು ತಿಂಗಳ ಸಾಲದ ಕಂತನ್ನೂ ಮನ್ನಾ ಮಾಡಿ ಪರಿಹಾರ ಒದಗಿಸಿತು.’ ಆ ಹತ್ತು ಸಾವಿರ ಸಾಲ. ಕಂತು ಮನ್ನಾ ಆಗಲೇ ಇಲ್ಲ. ಒಂದೇ ವಾಕ್ಯದಲ್ಲಿ ಎರಡು ಸಲ ಪರಿಹಾರ, ಎರಡೂ ಸಲ ತಪ್ಪು. ಇದು ಆ ಸಂಚಿಕೆಯೊಂದರ ಪಾಡಾಗಿದ್ದರೆ ತಿದ್ದಿ ಸುಮ್ಮನಾಗಬಹುದಿತ್ತು. ಭಾಷಣ, ಬ್ಯಾನರು, ವಾರ್ಡಿನ ಕರಪತ್ರ, ಸಾಧನೆಗಳ ಕಿರುಹೊತ್ತಗೆ, ಎಲ್ಲಿ ನೋಡಿದರೂ ಸೋಂಕಿನ ಕಾಲದ ಹಣದ ವ್ಯವಹಾರವೆಲ್ಲ ಪರಿಹಾರವೇ ಆಗಿಹೋಗಿದೆ. ಆದ್ದರಿಂದ ಈ ಬಾರಿ ಪದವನ್ನೇ ಎತ್ತಿಕೊಂಡಿದ್ದೇನೆ.

ಪರಿಹಾರ ಎಂದರೇನು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದಣಿವಿಗೂ ಪರಿಹಾರವುಂಟು, ಜ್ಯೋತಿಷಿ ಬರೆದುಕೊಡುವುದೂ ಪರಿಹಾರವೇ, ರಸ್ತೆ ಅಗಲಗೊಳಿಸುವಾಗ ಜಗಲಿ ಕಳೆದುಕೊಂಡವರು ಕಚೇರಿಗೆ ಅಲೆಯುವುದೂ ಪರಿಹಾರಕ್ಕಾಗಿಯೇ. ಆದರೆ ಪದದ ಒಡಲಲ್ಲಿ ಏನಿದೆ ಎಂದು ಇಣುಕಿದವರು ಕಡಿಮೆ. ಮೂಲದಲ್ಲಿರುವುದು ಸಂಸ್ಕೃತದ ‘ಹೃ’ ಧಾತು. ಒಯ್ಯು, ತೆಗೆದುಕೊಂಡು ಹೋಗು ಎಂದರ್ಥ. ಅದರ ಹಿಂದೆ ಉಪಸರ್ಗವೊಂದು ಬಂದು ನಿಂತರೆ ಸಾಕು, ಅರ್ಥ ಇನ್ನೆತ್ತಲೋ ಹೊರಟುಬಿಡುತ್ತದೆ. ಉಪಸರ್ಗದ ಪ್ರತಾಪ ತೋರಿಸಲು ಪಾಠಶಾಲೆಯ ಪಂಡಿತರು ಸಾಲಾಗಿ ಹೇಳುವ ಉದಾಹರಣೆಗಳೇ ಇವು: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಹೊಡೆತ, ಊಟ, ಕೊಲೆ, ಸುತ್ತಾಟ, ನಿವಾರಣೆ. (2020ರ ಲಾಕ್‌ಡೌನಿನಲ್ಲಿ ವಿಹಾರಕ್ಕೆ ಹೊರಟವರಿಗೆ ಪ್ರಹಾರ ಸಿಕ್ಕಿದ್ದನ್ನು ಪಂಡಿತರು ಊಹಿಸಿರಲಾರರು.)

‘ಪರಿ’ ಸೇರಿದಾಗ ಧಾತುವಿಗೆ ಬರುವ ಅರ್ಥಗಳು ದೂರವಿಡು, ತಪ್ಪಿಸು, ಬಿಡು ಎಂಬವು. ಇವುಗಳಲ್ಲಿ ಕೊಡು ಎಂಬುದು ಇಲ್ಲ, ಇದನ್ನು ಗಮನಿಸಬೇಕು. ನಮ್ಮ ದತ್ತಿ ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿ ಬಿಟ್ಟಾಗ ಅದರ ಮೇಲೆ ತೆರಿಗೆ, ಕಾಣಿಕೆ, ಬಿಟ್ಟಿ ಯಾವುದನ್ನೂ ಹೇರುವುದಿಲ್ಲ ಎಂಬ ಭರವಸೆ ಅದು. ಅಲ್ಲಿ ‘ಬಾಧೆ’ ಎಂದರೆ ಮೈನೋವಲ್ಲ, ವಸೂಲಿ. ಅದರ ಪರಿಹಾರವೆಂದರೆ ಬೊಕ್ಕಸದಿಂದ ಹಣ ಎಣಿಸಿ ಕೊಡುವುದಲ್ಲ. ಬೊಕ್ಕಸಕ್ಕೆ ಬರಬೇಕಾದದ್ದನ್ನು ಬಿಡುವುದು. ಶಾಸನದ ಕ್ರಿಯಾಪದವೂ ಎಷ್ಟೋ ಕಡೆ ‘ಬಿಟ್ಟರು’ ಎಂದೇ ಇರುತ್ತದೆ. ಕರ ವಿನಾಯಿತಿ ಎಂದು ಇಂದು ನಾವು ಹೇಳುವುದನ್ನು ಅಂದಿನವರು ಪರಿಹಾರ ಎನ್ನುತ್ತಿದ್ದರು.

ಸಮಾಸಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತಿತ್ತು. ದೋಷ ಪರಿಹಾರ, ಕಷ್ಟ ಪರಿಹಾರ, ಸಂದೇಹ ಪರಿಹಾರ: ಮೊದಲ ಪದ ಯಾವುದೋ ಅದು ತೊಲಗಬೇಕು. ಬರ ಪರಿಹಾರ, ನೆರೆ ಪರಿಹಾರ ಎಂಬಲ್ಲಿಗೂ ಹೇಗೋ ಹೊಂದಿಸಿಕೊಳ್ಳಬಹುದು. ‘ಬೆಳೆ ಪರಿಹಾರ’ ಎಂದಾಗ ಮಾತ್ರ ವ್ಯಾಕರಣ ಬೆವರುತ್ತದೆ. ತೊಲಗಬೇಕಾದದ್ದು ಬೆಳೆಯಲ್ಲವಲ್ಲ! ಬೆಳೆ ಆಗಲೇ ತೊಲಗಿದೆ, ಅದಕ್ಕೆ ಬದಲಾಗಿ ಹಣ ಬರುತ್ತಿದೆ. ಇಲ್ಲಿಗೆ ಪದ ಪೂರ್ತಿ ಮಗ್ಗುಲು ಬದಲಿಸಿತು: ಬಿಡುವುದರಿಂದ ಕೊಡುವುದಕ್ಕೆ ಬಂತು. ಈ ಬದಲಾವಣೆಯ ಬಗ್ಗೆ ನನಗೆ ತಕರಾರಿಲ್ಲ. ಭಾಷೆಯಲ್ಲಿ ಇದು ನಡೆಯುವಂಥದ್ದೇ, ಮಂಡ್ಯದ ಕಬ್ಬು ಬೆಳೆಗಾರ ‘ಪರಿಹಾರ ಬಂತು’ ಎಂದರೆ ಕೇಳುವವರಿಗೆ ಯಾವ ಗೊಂದಲವೂ ಆಗುವುದಿಲ್ಲ. ಬಿಟ್ಟದ್ದು ಪರಿಹಾರ, ಕೊಟ್ಟದ್ದೂ ಪರಿಹಾರ. ಅಲ್ಲಿಗೆ ನಿಲ್ಲಬೇಕಿತ್ತು.

2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ನೆರವು ಘೋಷಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ 5,000 ರೂಪಾಯಿ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. 2021ರ ಮೇ 19ರಂದು, ಎರಡನೆಯ ಅಲೆಯ ನಡುವೆ, 1,250 ಕೋಟಿಯ ಇನ್ನೊಂದು. ಈ ಸಲ ಚಾಲಕರಿಗೆ 3,000, ಬೀದಿ ಬದಿ ವ್ಯಾಪಾರಿಗಳಿಗೆ 2,000. ಇವು ಕೊಟ್ಟ ಹಣ, ಹಿಂದಿರುಗಿಸಬೇಕಾಗಿಲ್ಲ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಪಟ್ಟ ಪಾಡು, ಪರವಾನಗಿ ಹುಡುಕಾಟ, ಆಧಾರ್‌ನಲ್ಲೊಂದು ಹೆಸರು ಬ್ಯಾಂಕಿನಲ್ಲೊಂದು ಹೆಸರು, ಇವೆಲ್ಲ ಬೇರೆ ಕಥೆ. ಮೊತ್ತ ಸಾಕಾಯಿತೇ ಎಂಬುದು ಇನ್ನೂ ಬೇರೆ. ಪದದ ಮಟ್ಟಿಗೆ ಇವುಗಳನ್ನು ಪರಿಹಾರ ಎನ್ನಲು ಅಡ್ಡಿಯಿಲ್ಲ.

ಅದೇ ಕಾಲದಲ್ಲಿ ಮೊಹಲ್ಲಾ ಮೊಹಲ್ಲಾಗಳಲ್ಲಿ ಹಂಚಿದ ದಿನಸಿ ಕಿಟ್ಟುಗಳನ್ನು, ಆಸ್ಪತ್ರೆಯ ಬಾಗಿಲಿಗೆ ತಲುಪಿಸಿದ ಊಟದ ಪೊಟ್ಟಣಗಳನ್ನು ಪರಿಹಾರ ಎಂದರೆ ಮಾತ್ರ ಕಿವಿಗೆ ಒಗ್ಗುವುದಿಲ್ಲ. ಅದಕ್ಕೆ ‘ನೆರವು’ ಎಂಬ ಅಚ್ಚಗನ್ನಡ ಪದವಿದೆ. ನೆರೆಯವರು ನೆರೆಯವರಿಗೆ ಮಾಡಿದ್ದು ನೆರವು. ಅದರಲ್ಲಿ ಹಕ್ಕಿನ ಮಾತಿಲ್ಲ, ಬಾಕಿಯ ಮಾತಿಲ್ಲ. ಪಡಿತರದ ಅಕ್ಕಿ ಪಡಿತರ, ಕಿಟ್ಟು ಕಿಟ್ಟು. ಇಷ್ಟು ಸಾಕು, ಮುಂದೆ ಹೋಗೋಣ.

2020ರ ಆ ಘೋಷಣೆಯಲ್ಲಿಯೇ ವಿದ್ಯುತ್ ಬಿಲ್ಲಿನ ಬಗ್ಗೆ ಇದ್ದ ಮಾತು ಪದಾಸಕ್ತರಿಗೆ ಚಿನ್ನದಂಥದ್ದು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ. ದೊಡ್ಡ ಕೈಗಾರಿಕೆಗಳಿಗೆ ಅದೇ ಎರಡು ತಿಂಗಳ ನಿಗದಿತ ಶುಲ್ಕದ ಪಾವತಿ ದಂಡ, ಬಡ್ಡಿ ಇಲ್ಲದೆ ಮುಂದಕ್ಕೆ. ಅಂದರೆ ಮೈಸೂರಿನ ಹೆಬ್ಬಾಳದ ಸಣ್ಣ ವರ್ಕ್‌ಶಾಪಿನವನಿಗೆ ಶಾಸನಕಾಲದ ಅರ್ಥದಲ್ಲಿಯೇ ಪರಿಹಾರ, ಪಕ್ಕದ ದೊಡ್ಡ ಕಾರ್ಖಾನೆಗೆ ಬರಿಯ ಗಡುವು. ಸರ್ಕಾರ ಎರಡನ್ನೂ ಬೇರೆ ಬೇರೆ ಕ್ರಿಯಾಪದದಲ್ಲಿಯೇ ಹೇಳಿತು. ಅದನ್ನು ಕಲಸಿದವರು ನಾವು, ‘ಕೈಗಾರಿಕೆಗಳ ವಿದ್ಯುತ್ ಶುಲ್ಕ ಮನ್ನಾ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದವರು.

ಈಗ ಕಂತಿನ ವಿಷಯ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್, ಮಾರ್ಚ್ 1ರಿಂದ ಮೇ 31ರವರೆಗೆ ಬೀಳುವ ಅವಧಿ ಸಾಲದ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಮೇ 22ರಂದು ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. ಬ್ಯಾಂಕಿನವರ ಬಾಯಲ್ಲಿ ಅದು ಮೊರಟೋರಿಯಂ. ಲ್ಯಾಟಿನ್ನಿನಲ್ಲಿ ತಡಮಾಡು ಎಂಬ ಕ್ರಿಯಾಪದದಿಂದ ಬಂದ ಮಾತು. ತಡವೇ ಹೊರತು ಬಿಡುಗಡೆಯಲ್ಲ. ಕನ್ನಡದಲ್ಲಿ ‘ಕಂತು ಮುಂದೂಡಿಕೆ’ ಎಂಬ ಹೇಳಿ ಮಾಡಿಸಿದಂಥ ಪದ ಇದ್ದೇ ಇತ್ತು. ಆದರೂ ಊರೆಲ್ಲ ಹಬ್ಬಿದ್ದು ‘ಆರು ತಿಂಗಳ ಕಂತು ಮನ್ನಾ’.

ಮುಂದೂಡಿದ ಕಂತು ಏನಾಯಿತು ಎಂದು ಒಂದು ಲೆಕ್ಕ ಹಾಕಿ ನೋಡೋಣ. ಆಟೊ ಸಾಲದಲ್ಲಿ 1,20,000 ರೂಪಾಯಿ ಬಾಕಿಯಿದೆ, ಬಡ್ಡಿ ವರ್ಷಕ್ಕೆ ಶೇ 12 ಎಂದುಕೊಳ್ಳಿ. ತಿಂಗಳಿಗೆ 1,200 ರೂಪಾಯಿ ಬಡ್ಡಿ. ಆರು ತಿಂಗಳು ಆಟೊ ಶೆಡ್ಡಿನಲ್ಲಿ ನಿಂತಿದ್ದರೂ ಬಡ್ಡಿ ನಿಲ್ಲಲಿಲ್ಲ, 7,200 ಆಯಿತು. ಕಟ್ಟದ ಬಡ್ಡಿಯ ಮೇಲೂ ಬಡ್ಡಿ ಹಾಕಿದರೆ 7,382. ಈ ಕೊನೆಯ 182 ರೂಪಾಯಿಯ ಮೇಲೆಯೇ ಸುಪ್ರೀಂ ಕೋರ್ಟಿನಲ್ಲಿ ತಿಂಗಳುಗಟ್ಟಲೆ ವಾದ ನಡೆದದ್ದು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಎರಡು ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ತುಂಬಿಕೊಡುವುದಾಗಿ ಹೇಳಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ನ್ಯಾಯಾಲಯ, ಆ ಆರು ತಿಂಗಳಿಗೆ ಯಾರಿಂದಲೂ ಬಡ್ಡಿಯ ಮೇಲೆ ಬಡ್ಡಿ ವಸೂಲು ಮಾಡಕೂಡದು ಎಂದಿತು. ಪೂರ್ತಿ ಬಡ್ಡಿ ಮನ್ನಾ ಮಾಡಲು ಮಾತ್ರ ಒಪ್ಪಲಿಲ್ಲ. ಅಂದರೆ ನಮ್ಮ ಆಟೊದವರಿಗೆ ನಿಜವಾಗಿ ಬಿಟ್ಟದ್ದು 182 ರೂಪಾಯಿ. ಪರಿಹಾರ ಎಂಬ ಪದ ಒಪ್ಪುವುದು ಅಷ್ಟಕ್ಕೇ. 7,200 ರೂಪಾಯಿ ಬಡ್ಡಿಯೂ ಆರು ಕಂತಿನ ಅಸಲೂ ಆಮೇಲೆ ಅವರ ಜೇಬಿನಿಂದಲೇ ಹೋಗಬೇಕು.

ಈ ತಪ್ಪು ನಮ್ಮ ಕಡೆ ಇಷ್ಟು ಬೇಗ ಬೇರೂರಲು ಒಂದು ಕಾರಣ ನನಗೆ ಹೊಳೆಯುತ್ತದೆ. ಸೋಂಕು ಬರುವ ಮುಂಚಿನ ವರ್ಷ, 2019ರ ಜುಲೈನಲ್ಲಿ, ರಾಜ್ಯದ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದಿತ್ತು. ಸಣ್ಣ ರೈತರು, ಭೂರಹಿತ ಕೂಲಿಕಾರರು ಮುಂತಾದವರು ಖಾಸಗಿ ಲೇವಾದೇವಿಗಾರರಲ್ಲಿ ಮಾಡಿದ ಸಾಲದಿಂದ ಬಿಡುಗಡೆ ಹೊಂದುವ ಕಾಯ್ದೆ. ಜನ ಅದನ್ನು ಋಣಮುಕ್ತ ಕಾಯ್ದೆ ಎಂದೇ ಕರೆದರು. ಅಲ್ಲಿ ‘ಋಣ ಪರಿಹಾರ’ ಎಂದರೆ ಹಳೆಯ ಸಮಾಸದ ಲೆಕ್ಕದಂತೆ ಋಣವೇ ತೊಲಗುವುದು. ಆ ಪದ ಕಿವಿಯಲ್ಲಿ ಇನ್ನೂ ಹಸಿಯಾಗಿರುವಾಗಲೇ ‘ಸಾಲಗಾರರಿಗೆ ಪರಿಹಾರ’ ಎಂಬ ಶೀರ್ಷಿಕೆ ಬಂದರೆ, ಮಂಡ್ಯದ ಸಂತೆಯಲ್ಲಿ ನಿಂತವರು ಬೇರೆ ಏನೆಂದು ತಿಳಿಯಬೇಕಿತ್ತು? ಅವರನ್ನು ದೂರುವಂತಿಲ್ಲ. ಬರೆದವರನ್ನು ದೂರಬಹುದು.

ಇನ್ನು ಹತ್ತು ಸಾವಿರದ ಕಥೆ. 2020ರ ಜೂನ್ 1ರಂದು ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯದು ಅದು. ‘ನಿಧಿ’ ಎಂದರೆ ನಮಗೆ ನೆಲದಡಿಯ ಕೊಪ್ಪರಿಗೆ ನೆನಪಾಗುತ್ತದೆ, ಸಿಕ್ಕವರಿಗೆ ಸೀರುಂಡೆ. ‘ಸ್ವ’ ಸೇರಿದರೆ ಕೇಳುವುದೇ ಬೇಡ, ತನ್ನದೇ ನಿಧಿ. ಯೋಜನೆಯಲ್ಲಿರುವುದು ಒಂದು ವರ್ಷದೊಳಗೆ ತಿಂಗಳ ಕಂತಿನಲ್ಲಿ ತೀರಿಸಬೇಕಾದ, ಅಡಮಾನ ಬೇಡದ ದುಡಿಮೆ ಬಂಡವಾಳದ ಸಾಲ. ಸರಿಯಾಗಿ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನ. ಒಳ್ಳೆಯ ಯೋಜನೆಯೇ. ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುವುದನ್ನು ಎಷ್ಟೋ ಜನರಿಗೆ ತಪ್ಪಿಸಿತು. ಆದರೆ ಸಾಲ ಸಾಲವೇ.

ಮೈಸೂರಿನ ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಮಲ್ಲಿಗೆ ಮಾರುವ ಒಬ್ಬ ಹೆಂಗಸಿನ ಪಾಸ್‌ಬುಕ್ಕನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಡಚಿ ಮಡಚಿ ನಡುವೆ ಸೀಳಿದ ಪುಟ, ಅಂಚಿನಲ್ಲಿ ಹೂವಿನ ನೀರಿನ ಕಲೆ. ಒಂದು ಸಾಲಿನಲ್ಲಿ ಹತ್ತು ಸಾವಿರ ಜಮೆ. ಅದರ ಕೆಳಗೆ ತಿಂಗಳಿಗೊಂದರಂತೆ ಎಂಟುನೂರ ಚಿಲ್ಲರೆ ಖರ್ಚು. ನಡುವೆ ಒಂದೆಡೆ ನೂರು ಚಿಲ್ಲರೆ ರೂಪಾಯಿ ಜಮೆ, ಅದು ಬಡ್ಡಿ ಸಹಾಯಧನ. ಇನ್ನೂ ಕೆಳಗೆ, 2021ರಲ್ಲಿ, ಎರಡು ಸಾವಿರ ಜಮೆ, ರಾಜ್ಯ ಸರ್ಕಾರದ್ದು. ‘ನೋಡಿ ಅಣ್ಣ, ಎರಡು ಸಲ ಪರಿಹಾರ ಕೊಟ್ಟರು. ಮೊದಲನೆಯದನ್ನು ಮಾತ್ರ ಯಾಕೆ ತಿಂಗಳು ತಿಂಗಳು ಕಿತ್ತುಕೊಳ್ಳುತ್ತಾರೆ?’ ಎಂದು ಅವರು ಕೇಳಿದರು. ಸಾಲ, ಕಂತು, ಸಹಾಯಧನ, ಪರಿಹಾರ, ನಾಲ್ಕೂ ಅದೇ ಪುಟದಲ್ಲಿದ್ದವು. ಅವರಿಗೆ ಹೇಳಿದ್ದ ಪದ ಒಂದೇ. ಗೊಂದಲಕ್ಕೆ ಇನ್ನೊಂದು ಎಳೆಯೂ ಉಂಟು: 2021ರ ಎರಡು ಸಾವಿರವನ್ನು ಕೊಟ್ಟದ್ದೇ ಸ್ವನಿಧಿಯಲ್ಲಿ ನೋಂದಣಿಯಾದ ವ್ಯಾಪಾರಿಗಳಿಗೆ. ಪಟ್ಟಿ ಒಂದೇ, ಖಾತೆ ಒಂದೇ, ಹಣದ ಜಾತಿ ಬೇರೆ.

ಸ್ವಲ್ಪ ದೊಡ್ಡ ವರ್ತಕರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ‘ಕೋವಿಡ್ ಲೋನು’ ಎಂದು ಕರೆಯುವುದು ತುರ್ತು ಸಾಲ ಖಾತರಿ ಯೋಜನೆಯನ್ನು. 2020ರ ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ 20ರಷ್ಟು ಹೊಸ ಸಾಲ ಬ್ಯಾಂಕಿನಿಂದ, ಅದಕ್ಕೆ ಜಾಮೀನು ಕೇಂದ್ರ ಸರ್ಕಾರದ್ದು. ಆಗ ಘೋಷಿಸಿದ ಮೂರು ಲಕ್ಷ ಕೋಟಿ ರೂಪಾಯಿ ಎಂಬ ಅಂಕಿ ಆ ಜಾಮೀನಿನ ಅಳತೆ, ಹಂಚಿದ ಹಣದ್ದಲ್ಲ. ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿದ ವರ್ಷ ಅದು. ದಸರಾ ವ್ಯಾಪಾರವನ್ನೇ ನಂಬಿದವರಿಗೆ ಹೊಸ ಸಾಲವೂ ಉಸಿರು ಕೊಟ್ಟಿರಬಹುದು. ಆದರೂ ‘ಲೋನು’ ಎಂದು ಅವರೇ ಕರೆಯುತ್ತಿರುವಾಗ ಸಂಚಿಕೆಯಲ್ಲಿ ಅದು ಪರಿಹಾರವಾಗುವುದೇಕೆ?

ಕಾನೂನಿನಲ್ಲಿಯೇ ಹಾಗಿತ್ತು ಎಂದು ಬಲ್ಲವರು ಹೇಳಬಹುದು. ನಿಜ, 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೆಯ ಕಲಮು, ತೀವ್ರ ವಿಪತ್ತಿನಲ್ಲಿ ಸಾಲ ಮರುಪಾವತಿಗೆ ಸಡಿಲಿಕೆ ಕೊಡುವಂತೆ, ರಿಯಾಯಿತಿಯ ಷರತ್ತಿನಲ್ಲಿ ಹೊಸ ಸಾಲ ಕೊಡುವಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಿಫಾರಸು ಮಾಡಬಹುದು ಎನ್ನುತ್ತಿತ್ತು (2025ರ ತಿದ್ದುಪಡಿಯಲ್ಲಿ ಆ ಕಲಮನ್ನು ಕೈಬಿಡಲಾಯಿತು). ಇಂಗ್ಲಿಷಿನಲ್ಲಿ ಅದಕ್ಕೆ ಬಳಸಿದ್ದು ರಿಲೀಫ್ ಎಂಬ ಸಡಿಲವಾದ ಪದ. ಕೊಟ್ಟದ್ದು, ಬಿಟ್ಟದ್ದು, ಉಸಿರಾಡಲು ಬಿಡುವು ಕೊಟ್ಟದ್ದು ಎಲ್ಲವೂ ಅದರೊಳಗೆ ಹಿಡಿಯುತ್ತದೆ. ಕಣ್ಣು ಮುಚ್ಚಿ ಅದಕ್ಕೆ ಪರಿಹಾರ ಎಂದು ಬರೆದದ್ದರ ಫಲ ನಾವೀಗ ಉಣ್ಣುತ್ತಿರುವುದು. ಸಡಿಲಿಕೆ, ರಿಯಾಯಿತಿ, ಗಡುವು ವಿಸ್ತರಣೆ, ಬಿಡುವು ಎಂಬ ಪದಗಳು ಕನ್ನಡಿಗರ ನಾಲಗೆಯ ಮೇಲೇ ಇವೆ. ಪತ್ರಿಕೆಯ ಅಂಕಣದ ಅಗಲಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ‘ಬಿಡುವು’ ಎಂಬ ಮೂರಕ್ಷರವನ್ನು ಬಿಟ್ಟು ‘ಪರಿಹಾರ’ ಎಂಬ ನಾಲ್ಕಕ್ಷರ ಹಾಕುವವರಿಗೆ ಏನು ಹೇಳುವುದು?

ಅದೇ ಕಾಯ್ದೆಯ 12ನೆಯ ಕಲಮಿನ ಮೇಲೆ ಇನ್ನೊಂದು ಪದದ ಜಗಳ ನಡೆಯಿತು. ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ ಕೊಡುವ ಹಣ ಕಡತದಲ್ಲಿ ಎಕ್ಸ್‌ಗ್ರೇಷಿಯಾ, ಅಂದರೆ ಕೊಡುವವರ ಕೃಪೆ. ಬಾಧ್ಯತೆಯಿಲ್ಲ ಎಂಬ ಧ್ವನಿ. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್, ಇಂಥ ಹಣಕ್ಕೆ ಮಾರ್ಗಸೂಚಿ ರೂಪಿಸುವುದು ಪ್ರಾಧಿಕಾರದ ಕರ್ತವ್ಯ, ಇಷ್ಟವಿದ್ದರೆ ಮಾಡುವ ಕೆಲಸವಲ್ಲ ಎಂದಿತು. ಆಮೇಲೆ ಬಂದದ್ದು 50,000 ರೂಪಾಯಿ. ನಮ್ಮ ಪತ್ರಿಕೆಗಳು ಅದನ್ನು ಮೊದಲಿನಿಂದಲೂ ಪರಿಹಾರ ಎಂದೇ ಬರೆದವು, ಕಡತದ ಕೃಪೆಯನ್ನು ಯಾರೂ ಕನ್ನಡಕ್ಕೆ ತರಲಿಲ್ಲ. ಅಲ್ಲಿ ನಾನು ಕೆಂಪು ಪೆನ್ನು ಎತ್ತುವುದಿಲ್ಲ.